ರಿಮೋಟಿನ ಮೂರನೇ ಗುಂಡಿ

ನನ್ನ ಬೈಕಿಗೆ ಅಲಾರಂ ಹಾಕಿಸಿದವನು ನನ್ನ ಅಣ್ಣ. ಹಾಕಿಸು ಎಂದು ನಾನು ಕೇಳಿರಲಿಲ್ಲ. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಒಂದೇ ವಾರದಲ್ಲಿ ಎರಡು ಗಾಡಿ ಕಳುವಾಗಿದ್ದವು. ಆಮೇಲಿನ ರವಿವಾರ ನಾನು ತಲೆಗೆ ಎರೆದುಕೊಂಡು ಹೊರಗೆ ಬಂದರೆ ಅಂಗಳದಲ್ಲಿ ನನ್ನ ಗಾಡಿ ಇರಲಿಲ್ಲ. ಒಂದೆರಡು ತಾಸಿನ ಮೇಲೆ ಅಣ್ಣ ಅದೇ ಗಾಡಿಯ ಮೇಲೆ ಕೂತು ನಗುತ್ತ ಬಂದ. ಕೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಕಪ್ಪು ರಿಮೋಟು.

“ಇನ್ನ ಯಾರೂ ಮುಟ್ಟಂಗಿಲ್ಲ ನೋಡು ನಿನ್ನ ಗಾಡಿ,” ಎಂದ. “ಈ ಗುಂಡಿ ಒತ್ತಿದ್ರ ಕೀಲಿ ಬೀಳತೈತಿ, ಇದನ್ನ ಒತ್ತಿದ್ರ ತಗೀತೈತಿ. ಮೂರನೇದ್ದು ನಿನಗ ಬೇಕಾಗಿಲ್ಲ. ಅದು ಕೆಟ್ಟೈತಿ, ಒತ್ತಾಕ ಹೋಗಬ್ಯಾಡ ಅಂತ ಅಂಗಡ್ಯಾಂವ ಹೇಳ್ಯಾನ.”

ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು, ಹೈಸ್ಕೂಲಿನ ಗಣಿತದ ಮಾಸ್ತರ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅಲ್ಲಿಂದ ಮುಂದೆ ನನ್ನ ಪುಸ್ತಕ, ಫೀ, ಜ್ವರ, ಪರೀಕ್ಷೆ ಎಲ್ಲ ಅವನದೇ. ಹಾಗಾಗಿ ಕೇಳದೆ ಗಾಡಿ ಒಯ್ದದ್ದಕ್ಕೆ ಬೈಯಬೇಕೆಂದುಕೊಂಡವಳು ಬೈಯಲಿಲ್ಲ. “ಛಲೋ ಮಾಡಿದಿ ಅಣ್ಣಾ,” ಎಂದೆ. ಆ ಮಾತು ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ನನ್ನ ಕೆಲಸ ಉಪ್ಪಿನಬೆಟಗೇರಿಯ ದನದ ದವಾಖಾನೆಯಲ್ಲಿ, ಡಾಕ್ಟರ ಕೈಕೆಳಗೆ. ದನಗಳಿಗೆ ಚುಚ್ಚುಮದ್ದು ಹಾಕುವುದು, ಗಾಯ ತೊಳೆಯುವುದು, ಗಬ್ಬ ನೋಡುವುದು, ಕಷ್ಟದ ಹೆರಿಗೆಗೆ ಹೋಗಿ ಕೈಹಾಕುವುದು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ನಾನು ‘ದನದ ಡಾಕ್ಟರ್ ಅಕ್ಕಾರು’. ಬೈಕು ಕೊಂಡದ್ದೇ ಈ ಕೆಲಸಕ್ಕಾಗಿ. ಎರೆಮಣ್ಣಿನ ದಾರಿಯಲ್ಲಿ ಹಿಂದೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಹೋಗಲು ಸ್ಕೂಟಿ ಸಾಲದು. “ಹೆಣ್ಣಮಕ್ಕಳು ಸ್ಕೂಟಿ ಹೊಡೀತಾರ, ಬೈಕ್ ಯಾಕ?” ಎಂದು ಅಣ್ಣ ಆಗ ಎರಡು ದಿನ ಮಾತು ಬಿಟ್ಟಿದ್ದ. ಮೂರನೆಯ ದಿನ ತಾನೇ ಗಾಡಿಗೆ ನಿಂಬೆಹಣ್ಣು ಕಟ್ಟಿದ. ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ.

ಅಲಾರಂ ಹಾಕಿಸಿ ತಿಂಗಳಾಗಿರಲಿಲ್ಲ, ಗಾಡಿ ಕೈಕೊಡತೊಡಗಿತು. ಬೆಳಿಗ್ಗೆ ಒಂದೇ ಒದೆತಕ್ಕೆ ಹತ್ತುತ್ತಿತ್ತು. ಸಂಜೆ ಯಾವುದೋ ಹಳ್ಳಿಯಿಂದ ಫೋನು ಬಂದು ನಾನು ಮತ್ತೆ ಹೊರಟರೆ, ಗೇಟು ದಾಟಿ, ನಮ್ಮ ಮಹಡಿಯ ಕಿಟಕಿಗೆ ಎದುರಾದ ಹೊಂಗೆಮರದ ಹತ್ತಿರ ಹೋಗುವಷ್ಟರಲ್ಲಿ ಬಂದ್. ಇಂಡಿಕೇಟರಿನ ದೀಪಗಳು ಒಂದು ಸಲ ಮಿಣುಕುವವು, ಎಂಜಿನ್ನು ಸತ್ತಂತೆ ನಿಲ್ಲುವುದು. ಆಮೇಲೆ ಎಷ್ಟು ಒದ್ದರೂ ಇಲ್ಲ. ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ. ಪ್ರತಿಸಲ ಅಲ್ಲ, ಎರಡಕ್ಕೊಂದು, ಮೂರಕ್ಕೊಂದು ಸಲ. ಅದಕ್ಕೇ ನನಗೆ ಲೆಕ್ಕ ಸಿಗಲಿಲ್ಲ.

ಗ್ಯಾರೇಜಿನವನು ಪ್ಲಗ್ ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಬ್ಯಾಟರಿ ನೋಡಿದ. ಮೂರನೆಯ ಸಲ ಹೋದಾಗ ತಲೆ ಕೆರೆದುಕೊಂಡು, “ಆ ಅಲಾರಂ ವೈರ್ ಒಮ್ಮೆ ತಗದ ನೋಡೂಣೇನ್ರಿ ಅಕ್ಕಾರ?” ಎಂದ. ಅವತ್ತು ಅಣ್ಣ ನನ್ನ ಜೊತೆ ಬಂದಿದ್ದ. ನಾನು ಬಾಯಿ ತೆರೆಯುವ ಮೊದಲೇ, “ಅದನ್ನ ಮುಟ್ಟಬ್ಯಾಡ್ರಿ, ಗ್ಯಾರಂಟಿ ಹೋಗತೈತಿ,” ಎಂದುಬಿಟ್ಟ. ಮನೆಗೆ ಬಂದ ಮೇಲೆ, “ಆ ಮಗಾಗ ಕೆಲಸಾ ಬರಂಗಿಲ್ಲ, ಅದಕ್ಕ ಅಲಾರಂ ಮ್ಯಾಲೆ ಹಾಕ್ತಾನ,” ಎಂದ. ನಾನು ನಂಬಿದೆ. ಮುಂದಿನ ಸಲ ಗಾಡಿ ನಿಂತಾಗ ಗ್ಯಾರೇಜಿಗೆ ಹೋಗಿ ನಾಲ್ಕು ಗಿರಾಕಿಗಳ ಮುಂದೆ ಅವನನ್ನು ಮೋಸಗಾರ ಎಂದು ಬೈದೆ. ಅವನು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡ.

ಆಮೇಲೆ ಆ ಎಮ್ಮೆಯ ಸಂಜೆ ಬಂತು.

ಐದೂವರೆಗೆ ಫೋನು. ಉಪ್ಪಿನಬೆಟಗೇರಿಯ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ಎರಡು ಎಮ್ಮೆ ಕಟ್ಟಿ ಹಾಲು ಹಾಕಿ ಬದುಕುವ ಹೆಂಗಸು. “ಅಕ್ಕಾರ, ಎಮ್ಮಿ ಈಯಾಕತ್ತೈತ್ರಿ. ಕರದ ಒಂದು ಕಾಲು ಹೊರಗ ಬಂದೈತಿ, ತಲಿ ಬಂದಿಲ್ರಿ. ಲಗೂ ಬರ್ರಿ,” ಎಂದು ಅತ್ತಳು. ನಮ್ಮ ದವಾಖಾನೆಯ ಡಾಕ್ಟರು ರಜೆಯ ಮೇಲಿದ್ದರು. “ಎಮ್ಮೀನ ಮಲಗಾಕ ಬಿಡಬ್ಯಾಡ್ರಿ, ಯಾರೂ ಕಾಲು ಜಗ್ಗಬ್ಯಾಡ್ರಿ, ಮುಕ್ಕಾಲು ತಾಸಿನ್ಯಾಗ ಅಲ್ಲಿರ್ತೇನಿ,” ಎಂದು ಹೇಳಿ ಪೆಟ್ಟಿಗೆ ಕಟ್ಟಿದೆ. ಹೊಂಗೆಮರದ ಹತ್ತಿರ ದೀಪ ಮಿಣುಕಿತು. ಗಾಡಿ ನಿಂತಿತು.

ಒದ್ದೆ. ಒದ್ದು ಒದ್ದು ಹಿಮ್ಮಡಿ ಬಾತಿತು. ಪ್ಲಗ್ ಬಿಚ್ಚಿದೆ. ಆಗ ಅಣ್ಣ ಮನೆಯಿಂದ ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬ್ಯಾಟರಿ ಹಿಡಿದು ಬೆಳಕು ಬಿಟ್ಟ. ನಾನು ಪ್ಲಗ್ ಒರೆಸುತ್ತಿದ್ದರೆ ಅವನು, “ಇನ್ನೂ ಸ್ವಲ್ಪ ಈ ಕಡೆ ಹಿಡೀಲೇನು?” ಎಂದು ಕೇಳಿದ. ಕುಡಿಯಲು ನೀರು ತಂದುಕೊಟ್ಟ. “ಹಳೇ ಗಾಡಿ, ನಾ ಹೇಳೀನೆಲ್ಲ. ಫೋನ್ ಮಾಡಿ ಬೇರೆ ಯಾರಿಗರೆ ಹೇಳಂತ ಹೇಳು. ಕತ್ತಲಾಗಾಕತ್ತೈತಿ,” ಎಂದ. ಹೇಳಲು ಬೇರೆ ಯಾರೂ ಇರಲಿಲ್ಲ. ನಾನು ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದೆ. ಆಟೋದವರು ಅಷ್ಟು ದೂರ ಒಲ್ಲೆ ಎಂದರು, ಬಸ್ಸು ಬೇಗ ಸಿಗಲಿಲ್ಲ. ಕೊನೆಗೆ ಕಾಯಿಪಲ್ಲೆ ಇಳಿಸಿ ಊರಿಗೆ ಮರಳುತ್ತಿದ್ದ ಟೆಂಪೋದವನೊಬ್ಬ ಹತ್ತಿಸಿಕೊಂಡ.

ನಾನು ಹಳ್ಳಿ ಮುಟ್ಟುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಒಳಗೆ ಕೈಹಾಕಿದಾಗ ಕರುವಿನ ಕುತ್ತಿಗೆ ಹಿಂದಕ್ಕೆ ಹೊರಳಿತ್ತು. ಬಾಯಲ್ಲಿ ಬೆರಳಿಟ್ಟೆ. ಬದುಕಿದ ಕರು ಬೆರಳು ಚೀಪುತ್ತದೆ. ಅದು ಚೀಪಲಿಲ್ಲ. ಎಮ್ಮೆಯನ್ನು ಉಳಿಸಿದೆ, ಕರು ಸತ್ತು ಬಂತು. ಹೆಣ್ಣುಕರು. ಆ ಹೆಂಗಸು ನನ್ನ ಮೊಣಕೈಗೆ ಬಿಸಿನೀರು ಹಾಕುತ್ತ, “ಒಂದು ತಾಸಿನ ಹಿಂದ ಕಾಲು ಅಳ್ಳಾಡಸ್ತಿತ್ರಿ,” ಎಂದಳು. ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆ ರಾತ್ರಿಯಿಂದ ನಾನೇ ನನ್ನನ್ನು ಬೈದುಕೊಂಡೆ. ಗಾಡಿ ಸರಿಯಿಲ್ಲವೆಂದು ಗೊತ್ತಿದ್ದೂ ಅದನ್ನೇ ನಂಬಿದೆನಲ್ಲ ಎಂದು. ಗಾಡಿ ಮಾರಿ ಸ್ಕೂಟಿ ಕೊಂಡು, ಸಂಜೆಯ ಹಳ್ಳಿ ತಿರುಗಾಟ ಬಿಡು ಎಂದು ಅಣ್ಣ ಹೇಳಿದಾಗ ಅರ್ಧ ಮನಸ್ಸೂ ಮಾಡಿದ್ದೆ.

ಅಷ್ಟರಲ್ಲಿ ಬೇರೊಂದು ರಗಳೆ ಶುರುವಾಗಿತ್ತು. ಕೀಲಿ ಬೇರೆ, ರಿಮೋಟು ಬೇರೆ, ಎರಡನ್ನೂ ಹಿಡಿದಿಟ್ಟ ಬಳೆ ಪದೇಪದೇ ಬಿಚ್ಚಿಹೋಗುತ್ತಿತ್ತು. ಒಮ್ಮೆ ರಿಮೋಟು ದನದ ನೀರಿನ ದೋಣಿಯಲ್ಲಿ ಬಿತ್ತು, ಒಮ್ಮೆ ಕೀಲಿ ಹುಲ್ಲಿನ ಬಣವೆಯಲ್ಲಿ ಬಿದ್ದು ಅರ್ಧ ದಿನ ಹುಡುಕಿದೆವು. ರಿಮೋಟಿನ ಒಂದು ಮಗ್ಗುಲಿಗೆ ಖಾಲಿ ಸೀಳೊಂದಿತ್ತು. ಗಾಡಿಯ ಕೀಲಿಯನ್ನು ಅದರಲ್ಲಿ ಕೂಡಿಸಬಹುದು, ಮಡಚುವ ಚಾಕುವಿನ ಹಾಗೆ ಒಳಗೆ ಹೊರಗೆ ಆಗುತ್ತದೆ ಎಂದು ನಮ್ಮ ಕಂಪೌಂಡರ ಹೇಳಿದ. ಧಾರವಾಡದಲ್ಲಿ ಇಬ್ಬರು ಕೀಲಿಯವರನ್ನು ಕೇಳಿದೆ, ಆಗುವುದಿಲ್ಲವೆಂದರು. ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಚಾಚಾ ಮಾಡಿಕೊಡುತ್ತಾರೆಂದು ಆಮೇಲೆ ತಿಳಿಯಿತು.

“ಅದಕ್ಕ ಹುಬ್ಬಳ್ಳಿಗೆ ಹೋಗ್ತಿ? ಯಾಕ ಬೇಕು? ಹಂಗ ಇರ್ಲಿ ಬಿಡು, ದಾರ ಕಟ್ಟಿಕೋ,” ಎಂದ ಅಣ್ಣ. ಎರಡು ಸಲ ಎಂದ. ಇದಕ್ಕೇಕೆ ಇಷ್ಟು ಕಳವಳ ಎಂದು ನನಗೆ ಆಗ ಹೊಳೆಯಲಿಲ್ಲ.

ಚಾಚಾನ ಅಂಗಡಿ ಒಂದು ಸಣ್ಣ ಗಲ್ಲಿಯಲ್ಲಿ, ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ. ಗೋಡೆಯ ತುಂಬ ಕೀಲಿಗಳ ಗೊಂಚಲು. ಕಣ್ಣಿಗೆ ದಪ್ಪ ಕನ್ನಡಕ, ಬಿಳಿ ಗಡ್ಡ. ನನ್ನ ಕೀಲಿಯನ್ನು ಇಕ್ಕಳದಲ್ಲಿ ಬಿಗಿದು ಅದರ ಪ್ಲಾಸ್ಟಿಕ್ ತಲೆಯನ್ನು ಗರಗಸದಿಂದ ಕೊಯ್ದು ಹಾಕಿದ. ಉಳಿದ ಉಕ್ಕಿನ ಪಟ್ಟಿಯ ಬುಡವನ್ನು ಅರದಿಂದ ತಿಕ್ಕುತ್ತ, ಸೀಳಿಗೆ ಹಚ್ಚಿ ನೋಡುತ್ತ, ಮತ್ತೆ ತಿಕ್ಕುತ್ತ ಕೂತ. ಸೂಜಿಯಷ್ಟು ತೆಳುವಾದ ತೂತು ಕೊರೆದು, ಅದರಲ್ಲಿ ಪಿನ್ನು ತೂರಿಸಿ, ಸ್ಪ್ರಿಂಗು ಕೂಡಿಸಿದ. ಸೀಳಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಕೀಲಿ ಟಕ್ಕೆಂದು ಹೊರಗೆ ಹಾರಿತು. ನನಗೆ ಬಹಳ ದಿನಗಳ ಮೇಲೆ ನಗು ಬಂತು.

“ಇನ್ನೊಂದು ರಿಮೋಟ್ ತಂದೀರೇನ್ರಿ ಅಕ್ಕಾರ? ಅದಕ್ಕೂ ಒಂದು ಕೀಲಿ ಮಾಡಿ ಕೂಡ್ರಸಿ ಬಿಡ್ತೇನಿ,” ಎಂದ ಚಾಚಾ.

“ಒಂದ ಐತ್ರಿ ಚಾಚಾ. ಒಂದ ಬಂದಿತ್ತು.”

“ಒಂದ ಬರಂಗಿಲ್ರಿ. ಈ ನಮೂನಿದು ಡಬ್ಬ್ಯಾಗ ಎರಡು ಇರ್ತಾವ. ಯಾರೋ ನಿಮಗ ಒಂದ ಕೊಟ್ಟಾರ.”

“ಇದರ ಮೂರನೇ ಗುಂಡಿನೂ ಕೆಟ್ಟೈತ್ರಿ.”

ಚಾಚಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. “ಕೆಟ್ಟೈತೇನು? ಗಾಡಿ ಚಾಲೂ ಮಾಡ್ರಿ ನೋಡೂಣು.” ಕೀಲಿ ತಿರುಗಿಸಿ ಚಾಲೂ ಮಾಡಿದೆ. ಸ್ಪ್ರಿಂಗು ಒತ್ತಿ ರಿಮೋಟನ್ನು ಕೀಲಿಯಿಂದ ಬಿಡಿಸುವುದು ಇನ್ನೂ ಸಾಧ್ಯವಿತ್ತು. ಪಿನ್ನನ್ನು ಅವನು ಗಟ್ಟಿ ಬಡಿದಿರಲಿಲ್ಲ. ಬಿಡಿಸಿಕೊಂಡು ಗಲ್ಲಿ ದಾಟಿ, ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೂರನೇ ಗುಂಡಿ ಒತ್ತಿದ.

ಇಂಡಿಕೇಟರ್ ಒಂದು ಸಲ ಮಿಣುಕಿತು. ಎಂಜಿನ್ನು ಸತ್ತಂತೆ ನಿಂತಿತು.

“ಕಳ್ಳ ಹೊಡಕೊಂಡು ಹೊಂಟ್ರ ನಿಂದ್ರಸಾಕ ಇರೂದ್ರಿ ಇದು,” ಎಂದು ಚಾಚಾ ಅಲ್ಲಿಂದಲೇ ಕೂಗಿ ಹೇಳಿದ. “ಮತ್ತ ಇದನ್ನ ಒತ್ತೂಮಟ ಎಷ್ಟು ಒದ್ದರೂ ಹತ್ತಂಗಿಲ್ಲ. ಒಂದು ಓಣಿ ದೂರದಿಂದ ಒತ್ತಿದ್ರೂ ನಡೀತೈತಿ.”

ನಾನು ಸೀಟಿನ ಮೇಲೆ ಕೂತೇ ಇದ್ದೆ. ಹೊಂಗೆಮರ, ಮಹಡಿಯ ಕಿಟಕಿ, ಬ್ಯಾಟರಿಯ ಬೆಳಕು, ನೀರಿನ ಲೋಟ ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಚಾಚಾ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ: “ಆ ಇನ್ನೊಂದು ರಿಮೋಟ್ ಮನ್ಯಾಗ ಯಾರ ಕಡೆ ಐತ್ರಿ?” ನಾನು ಗಾಡಿಯ ಕೀಲಿ ತಿರುಗಿಸಿ ತೆಗೆದೆ. “ಅದನ್ನ ಅಳಸಿ ಬಿಡ್ಲೇನ್ರಿ? ಎರಡು ನಿಮಿಷದ ಕೆಲಸ. ನಿಮ್ಮದೊಂದ ನಡಿಯೂ ಹಂಗ ಮಾಡ್ತೇನಿ.”

“ಇವತ್ತ ಬ್ಯಾಡ್ರಿ ಚಾಚಾ,” ಎಂದೆ. “ಹೆಂಗ ಮಾಡೂದು ತೋರಸ್ರಿ. ನಾನ ಮಾಡ್ಕೋತೇನಿ.” ಅವನು ಸೀಟು ಬಿಚ್ಚಿ ತೋರಿಸಿದ. ಆಮೇಲೆ ಪಿನ್ನನ್ನು ಸುತ್ತಿಗೆಯಿಂದ ಗಟ್ಟಿ ಬಡಿದು ಕೊಟ್ಟ.

ಮರುದಿನ ಸಂಜೆ ಯಾವ ಫೋನೂ ಬಂದಿರಲಿಲ್ಲ. ಆದರೂ ನಡುಮನೆಯಲ್ಲಿ ನಿಂತು, “ವೈನಿ, ಆಕಳಾ ಈಯಾಕತ್ತೈತಂತ, ಹೋಗಿ ಬರ್ತೇನ್ರಿ,” ಎಂದು ಗಟ್ಟಿಯಾಗಿ ಹೇಳಿದೆ. ಅಣ್ಣನ ಹೆಂಡತಿ ಅಡುಗೆಮನೆಯಿಂದ ಹೂಂ ಎಂದಳು. ಅಣ್ಣ ಮಹಡಿಯ ಮೆಟ್ಟಿಲು ಹತ್ತುವ ಸಪ್ಪಳ ಕೇಳಿತು. ಗಾಡಿ ಚಾಲೂ ಮಾಡಿ ಮೆಲ್ಲಗೆ ಗೇಟು ದಾಟಿದೆ. ಹೊಂಗೆಮರ ಬಂತು. ತಿರುಗಿ ಮೇಲೆ ನೋಡಿದೆ. ಕಿಟಕಿಯಲ್ಲಿ ಅಣ್ಣ ಬನಿಯನ್ನಿನಲ್ಲಿ ನಿಂತಿದ್ದ. ದೀಪ ಮಿಣುಕಿತು, ಗಾಡಿ ನಿಂತಿತು.

ನಾನು ಅವನನ್ನು ನೋಡುತ್ತಲೇ ನನ್ನ ಕೀಲಿಯ ಮೇಲಿನ ಮೂರನೇ ಗುಂಡಿ ಒತ್ತಿ ಗಾಡಿ ಒದ್ದೆ. ಹತ್ತಿತು. ಅವನು ಗಾಬರಿಯಲ್ಲಿ ಮತ್ತೆ ಒತ್ತಿದ. ನಿಂತಿತು. ನಾನು ಮತ್ತೆ ಒತ್ತಿ ಮತ್ತೆ ಚಾಲೂ ಮಾಡಿದೆ. ಆಮೇಲೆ ಅವನು ಒತ್ತಲಿಲ್ಲ. ಕಿಟಕಿಯಿಂದ ಸರಿದುಹೋದ.

ಒಳಗೆ ಹೋಗಿ ಏನೇನು ಕೂಗಿದೆನೋ ಎಲ್ಲ ನೆನಪಿಲ್ಲ. ಓಣಿಯ ಕಿಟಕಿಗಳು ತೆರೆದದ್ದು ನೆನಪಿದೆ.

“ದನಿ ಇಳಸು. ನಿನ್ನ ಸಲುವಾಗಿ ಮಾಡೇನಿ,” ಎಂದ ಅಣ್ಣ. “ಸಂಜಿ ಆದ ಮ್ಯಾಲೆ ಒಬ್ಬಾಕಿ ಆ ದಾರ್ಯಾಗ ಹೋಗ್ತಿ. ನಾಳೆ ಏನರೆ ಆದ್ರ ಮಂದಿ ನನಗ ಕೇಳ್ತಾರ. ನೀ ನನ್ನ ಮಾತು ಎಲ್ಲಿ ಕೇಳ್ತಿ?”

“ರಸ್ತೆದಾಗ ಗಾಡಿ ನಿಂತಾಗ ಹಿಂದ ಲಾರಿ ಬಂದಿದ್ರ? ಆಗ ಏನಾಗ್ತಿತ್ತು?”

“ನಾ ನೋಡೇ ಒತ್ತತಿದ್ದೆ.”

ನಾ ನೋಡೇ ಒತ್ತತಿದ್ದೆ. ಮಾಸ್ತರ ಹುಡುಗರಿಗೆ ಲೆಕ್ಕ ಹೇಳುವ ದನಿಯಲ್ಲೇ ಹೇಳಿದ. ನನಗೆ ಮೂವತ್ತಾರು ವರ್ಷ. ಒಂದು ಎಮ್ಮೆಯ ಹೊಟ್ಟೆಯಲ್ಲಿ ಕೈಹಾಕಿ ಎರಡು ಜೀವ ಬೇರೆ ಮಾಡುವ ಧೈರ್ಯ ಇರುವವಳು. ಅವನಿಗೆ ನಾನು ಗುಂಡಿ ಒತ್ತಿ ನಿಲ್ಲಿಸುವ ಗಾಡಿ.

“ವೈನಿ, ನಿಮಗ ಗೊತ್ತಿತ್ತೇನ್ರಿ?” ಎಂದೆ. ವೈನಿ ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನ ತುದಿ ಸುತ್ತುತ್ತಿದ್ದಳು. “ನಿನ್ನ ಮ್ಯಾಲಿನ ಜೀವಕ್ಕ ಮಾಡ್ಯಾರವ್ವಾ,” ಎಂದಳು, ನನ್ನ ಮುಖ ನೋಡದೆ.

“ಹಂಗಾದ್ರ ನಾಳೆ ನನ್ನ ಕೂಡ ಬಾ ಅಣ್ಣಾ. ಆ ಎಮ್ಮಿ ಹೆಣ್ಣಮಗಳ ಮುಂದ ನಿಂತು ಇದನ್ನ ಹೇಳು. ಬ್ಯಾಟರಿ ಹಿಡದಿದ್ದೂ ಹೇಳು.”

“ಒಂದು ಎಮ್ಮಿಕರದ ಸಲುವಾಗಿ ನಾ ಅಲ್ಲಿ ಹೋಗಿ ಕೈ ಮುಗೀಬೇಕೇನು? ನಿನಗ ತಲಿ ಕೆಟ್ಟೈತಿ.”

ಅವತ್ತೇ ಸೀಟು ಬಿಚ್ಚಿ, ಚಾಚಾ ತೋರಿಸಿದಂತೆ ಮಾಡಿ, ಆ ಎರಡನೆಯ ರಿಮೋಟನ್ನು ಅಳಿಸಿದೆ. ಮರುದಿನ ಆ ಹಳ್ಳಿಗೆ ಒಬ್ಬಳೇ ಹೋದೆ. ಅವಳು ಸಗಣಿ ಬಾಚುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂಬ ಆಸೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವಳು ಬುಟ್ಟಿ ಕೆಳಗಿಟ್ಟು, “ನಿಮ್ಮ ಮನಿ ಮಾತು ನನಗ ಯಾಕ್ರಿ ಅಕ್ಕಾರ? ಕರಾ ಇಲ್ದ ಎಮ್ಮಿ ಸೊರ ಬಿಡವಲ್ದು. ನಾ ದಿನಾ ಅದರ ಕಾಲಾಗ ಕುಂತು ಬೇಡ್ಕೋಳಾಕತ್ತೇನಿ,” ಎಂದಳು. ಕೆಚ್ಚಲಿಗೆ ಹಾಲು ಇಳಿದು ಎಮ್ಮೆ ಸೊರ ಬಿಡುವಂತೆ ಚುಚ್ಚುಮದ್ದು ಹಾಕಿ, ಮೈ ತಿಕ್ಕಿ ಹಾಲು ಇಳಿಸುವ ರೀತಿ ತೋರಿಸಿ ಬಂದೆ. ಅವಳು ಚಹಾ ಕುಡಿಯಿರಿ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಗ್ಯಾರೇಜಿಗೂ ಹೋದೆ. ಮಧ್ಯಾಹ್ನ, ಯಾರೂ ಇರಲಿಲ್ಲ. ನಿಮ್ಮನ್ನು ಸುಮ್ಮನೆ ಬೈದೆ, ತಪ್ಪಾಯಿತು ಎಂದೆ. ಅವನು ಟೈರಿಗೆ ಗಾಳಿ ತುಂಬುತ್ತಲೇ, “ನಾಕು ಮಂದಿ ಮುಂದ ಬೈದ್ರಿ, ಈಗ ಯಾರೂ ಇಲ್ದಾಗ ಬಂದು ತಪ್ಪಾತು ಅಂತೀರಿ,” ಎಂದ. ನ್ಯಾಯವೇ ಅನ್ನಿಸಿತು. ಶನಿವಾರ ಸಂಜೆ ಗ್ಯಾರೇಜು ತುಂಬಿರುವಾಗ ಮತ್ತೆ ಹೋಗಿ ಗಟ್ಟಿಯಾಗಿ ಹೇಳಿದೆ. “ಆತು ಬಿಡ್ರಿ ಅಕ್ಕಾರ, ಚೈನ್ ಸಡ್ಲ ಆಗೈತಿ, ಬಿಗದು ಕೊಡ್ತೇನಿ ಕೂಡ್ರಿ,” ಎಂದ.

ತಿಂಗಳೊಳಗೆ ಉಪ್ಪಿನಬೆಟಗೇರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ. ಅಣ್ಣ ತಡೆಯಲಿಲ್ಲ, ಮಾತೂ ಆಡಲಿಲ್ಲ. ಆದರೆ ನೆಂಟರ ಬಾಯಿಗೆ ಬೇರೆಯೇ ಕಥೆ ಬಿದ್ದಿತ್ತು. ಮೊನ್ನೆ ಹುಬ್ಬಳ್ಳಿಯಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ನಮ್ಮ ಅತ್ತೆ, ಅಪ್ಪನ ತಂಗಿ, ಸಾಲಿನಲ್ಲಿ ಎಲ್ಲರಿಗೂ ಕೇಳುವಂತೆ, “ಏನರೆ ಆಗ್ಲಿ, ಒಂದು ಗಾಡಿ ಕೀಲಿ ಸಲುವಾಗಿ ಸಾಕಿದ ಅಣ್ಣನ ಮನಿ ಬಿಡಬಾರದಿತ್ತವಾ ನೀ,” ಎಂದಳು. ಎರಡು ಎಲೆ ಆಚೆ ಅಣ್ಣ ಕೂತಿದ್ದ. ಅನ್ನ ಕಲಸುತ್ತಿದ್ದ ಅವನ ಕೈ ನಿಲ್ಲಲಿಲ್ಲ. ಈ ಕಥೆ ಎಲ್ಲಿಂದ ಹೊರಟಿದೆ ಎಂದು ಆಗ ತಿಳಿಯಿತು.

ನಾನು ಅಲ್ಲೇ ಹೇಳಿದೆ. ರಿಮೋಟು, ಕಿಟಕಿ, ಹೊಂಗೆಮರ, ಕರು, ಎಲ್ಲ. ದನಿ ಏರಿಸಲಿಲ್ಲ. “ಹೊಟ್ಟಿಗೆ ಉಣ್ಣೂ ಹೊತ್ತನ್ಯಾಗ ಇಂಥಾ ಮಾತು ಯಾಕ? ಮಾಸ್ತರು ಅಂಥಾವರಲ್ಲ,” ಎಂದರು ಯಾರೋ.

“ಆಕಿ ಹೇಳೂದು ಖರೇ ಐತಿ.”

ವೈನಿ. ಕೈಯಲ್ಲಿ ಸಾರಿನ ಬಕೇಟು ಹಿಡಿದು ಸಾಲಿನ ನಡುವೆ ನಿಂತಿದ್ದಳು. “ನಾನೂ ನೋಡೇನಿ. ನೋಡಿ ಸುಮ್ಮನಿದ್ದೆ,” ಎಂದು ಹೇಳಿ ಮುಂದಿನ ಎಲೆಗೆ ಸಾರು ಬಡಿಸಿದಳು. ಅಣ್ಣ ಅರ್ಧ ಊಟದಲ್ಲಿ ಎದ್ದುಹೋದ.

ನಾನು ಏಳಲಿಲ್ಲ. ಹೋಳಿಗೆ ಪೂರ್ತಿ ತಿಂದೆ. ಕೈ ತೊಳೆಯುವಲ್ಲಿ ವೈನಿ ಬಂದು ತಂಬಿಗೆಯಿಂದ ನೀರು ಹಾಕಿದಳು. ಅವಳ ಮೇಲೂ ನನಗೆ ಸಿಟ್ಟಿದೆ, ಅದು ಅವಳಿಗೂ ಗೊತ್ತು. ಅಷ್ಟರಲ್ಲಿ ಫೋನು ಬಂತು, ಆಕಳೊಂದು ಹೊಟ್ಟೆ ಉಬ್ಬರಿಸಿಕೊಂಡು ಬಿದ್ದಿದೆಯಂತೆ. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಗಾಡಿ ಹತ್ತಿದೆ.